ಪೆಟ್ಟಿಗೆಗೆ ಒರಗಿ ಕಲಿತದ್ದು

ಆ ಪೆಟ್ಟಿಗೆಯ ಮೇಲೆ ನನಗೆ ಮೊದಲ ದಿನವೇ ಅನುಮಾನ ಬಂದಿತ್ತು. ಎರಡು ಕುರಿಮರಿ ಆರಾಮಾಗಿ ಮಲಗುವಷ್ಟು ದೊಡ್ಡ ಮರದ ಪೆಟ್ಟಿಗೆ. ಒಳಗೆ ಏನೂ ಇರಲಿಲ್ಲ. ಮಧುಗಿರಿಯ ಕೋಟೆ ಬುಡದ ಬೀದಿಯಲ್ಲಿ ಸಂಗೀತ ಹೇಳಿಕೊಟ್ಟು ಜೀವನ ಸಾಗಿಸುತ್ತಿದ್ದ ಒಬ್ಬ ವಿಧವೆಯ ನಡುಮನೆಯಲ್ಲಿತ್ತು ಅದು. ಊರವರು ಅವರನ್ನು ಸಂಗೀತದಮ್ಮ ಎನ್ನುತ್ತಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಆ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂರು ಎಂದರು. ತಾವು ಅದರ ಇನ್ನೊಂದು ತುದಿಗೆ, ನನ್ನ ಕೈಗೆಟುಕದಷ್ಟು ದೂರದಲ್ಲಿ ಕೂತು ಮುಚ್ಚಳದ ಮೇಲೆ ಅಂಗೈ ಊರಿದರು. ಕುರಿ ಕಾಯುವವರ ಮಗಳು ಮೈಗೆ ತಾಕದಿರಲಿ ಅಂತ ಪೆಟ್ಟಿಗೆಯನ್ನೇ ಗೋಡೆ ಮಾಡಿಕೊಂಡರಲ್ಲ ಅಂದುಕೊಂಡೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಬಡವನಹಳ್ಳಿ ಕಡೆಯ ನಮ್ಮ ಹಟ್ಟಿಯಿಂದ ಬಂದು ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಟೀಚರ್ ಟ್ರೈನಿಂಗ್ ಮಾಡುತ್ತಿದ್ದೆ. ಸಂಗೀತದ ಜೂನಿಯರ್ ಪರೀಕ್ಷೆಯೊಂದು ಪಾಸಾದರೆ ಎಲ್ಲಾದರೂ ಹೈಸ್ಕೂಲಿನಲ್ಲಿ ಸಂಗೀತದ ಟೀಚರ್ ಆಗಬಹುದು ಎಂಬ ಆಸೆ ಹೊಟ್ಟೆಯೊಳಗೆ ಹೊಕ್ಕು ಕೂತಿತ್ತು. ಹೇಳಿಕೊಡುವವರು ಇಡೀ ಊರಿಗೆ ಇವರೊಬ್ಬರೇ. ಇವರು ಕಲಿಸದಿದ್ದರೆ ನನ್ನ ಕಥೆ ಮುಗಿದಂತೆಯೇ.

ನನ್ನ ದನಿಯೇನೋ ಜೋರಿತ್ತು. ಈ ಬಂಡೆಯ ಮೇಲೆ ನಿಂತು ಆ ಬಂಡೆಯ ಹಿಂದಿನ ಕುರಿ ಕರೆದು ಬೆಳೆದ ಗಂಟಲು. ಸಂಗೀತದಮ್ಮ ಅದನ್ನು ಕೇಳಿ, ದನಿಯೆಲ್ಲ ಗಂಟಲಲ್ಲೇ ಸಿಕ್ಕಿಕೊಂಡಿದೆ, ಎದೆಗೆ ಇಳಿಯಬೇಕು, ಮೂಗಿನ ಮೂಳೆಗೆ ಹತ್ತಬೇಕು, ಆಮೇಲೆ ಹಾಡು ಎಂದರು. ತುಟಿ ಮುಚ್ಚಿ, ಹಲ್ಲು ಬಿಡಿಸಿ, ಕೆಳಗಿನ ಷಡ್ಜ ಹಿಡಿದು 'ಮ್' ಅನ್ನಬೇಕು. ಎದೆಯ ಮೇಲೆ ನನ್ನದೇ ಕೈ ಇಟ್ಟುಕೊಂಡು ಅದು ಅದುರುತ್ತದೆಯೇ ನೋಡಬೇಕು. ಅಷ್ಟೇ ಪಾಠ. ಒಂದು ತಿಂಗಳಾಯಿತು, ಮೂರಾಯಿತು, ಆರಾಯಿತು. ನಾನು ಮಾತ್ರ ಜೇನುಗೂಡಿನ ಪಕ್ಕ ಕೂತವಳಂತೆ 'ಮ್' ಅನ್ನುತ್ತಲೇ ಇದ್ದೆ.

ನನ್ನ ಜೊತೆ ಬೆಳಗಿನ ಪಾಠಕ್ಕೆ ಬರುತ್ತಿದ್ದವಳು ತಾಲ್ಲೂಕು ಕಚೇರಿಯ ಗುಮಾಸ್ತರ ಮಗಳು. ದಾರದಂಥ ಸಣ್ಣ ದನಿ. ಅವಳಿಗೆ ಮಾತ್ರ ಗೀತೆ ಮುಗಿದು ವರ್ಣ ಶುರುವಾಗಿತ್ತು. ಅವಳು ಹಾಡುವಾಗ ಸಂಗೀತದಮ್ಮ ಪಕ್ಕದಲ್ಲೇ ಕೂತು, ಅವಳ ಬೆನ್ನಿನ ನಡುವೆ ಅಂಗೈ ಇಟ್ಟು, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನ್ನ ಬೆನ್ನು ಮುಟ್ಟಿದ್ದು ಒಂದು ದಿನವೂ ಇಲ್ಲ. ನನಗೆ ನೀರು ಕೊಡುವ ಲೋಟ ಬೇರೆ, ಕಿಟಕಿ ಮೇಲೆ ಇರುತ್ತಿತ್ತು. ನಾನು ಮಾತಾಡಿದರೆ ನೆಟ್ಟ ದೃಷ್ಟಿಯಿಂದ ನನ್ನ ಬಾಯನ್ನೇ ನೋಡುತ್ತಿದ್ದರು. ಇವಳ ಬಾಯಲ್ಲಿ ಏನಿದೆ ಅಂತ ನೋಡುತ್ತಾರೋ ಅಂದುಕೊಂಡು, ಹೋಗುವ ಮುಂಚೆ ಎರಡೆರಡು ಸಲ ಹಲ್ಲುಜ್ಜುತ್ತಿದ್ದೆ. ಉರಿದುಹೋಗುತ್ತಿತ್ತು ನನಗೆ.

ಮನೆಗೆ ಬಂದು ಚಿಕ್ಕಮ್ಮನ ಹತ್ತಿರ ಹೇಳಿಕೊಂಡೆ. ಚಿಕ್ಕಮ್ಮ ಮುದ್ದೆ ತಿರುವುವುದನ್ನು ನಿಲ್ಲಿಸಲೂ ಇಲ್ಲ.

"ನಿಂಗೆ ಕಲಿಸೋ ಮನಸಿಲ್ಲ ಕಣಮ್ಮ ಆಯಮ್ಮಂಗೆ. ಬುಟ್ಬುಡು. ಇಲ್ಲಾ ಅಂದ್ರೆ ಹೆಂಗೆ ಅಂತ ಪರೀಕ್ಸೆ ಮಾಡಿ ನೋಡು."

ಪರೀಕ್ಷೆ ಮಾಡಿದೆ. ಸಂಗೀತದಮ್ಮ ಒಮ್ಮೊಮ್ಮೆ ನನಗೆ ಷಡ್ಜ ಹಿಡಿಯಲು ಹೇಳಿ, ತಾವು ಹಿತ್ತಲ ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಅಂಥ ಹೊತ್ತು ನೋಡಿ ಬೇಕೆಂದೇ ಶ್ರುತಿ ಬಿಟ್ಟೆ. ಮೊದಲು ಸ್ವಲ್ಪ, ಆಮೇಲೆ ಕತ್ತೆ ಕೂಡ ನಾಚುವಷ್ಟು. ತಿರುಗಿ ನೋಡಲಿಲ್ಲ. ಮೂರು ದಿನ ಹಾಗೇ ಮಾಡಿದೆ, ಮೂರು ದಿನವೂ ಕಲ್ಲು ಆರಿಸುತ್ತಲೇ ಇದ್ದರು. ಸರಿ, ನನ್ನ ಕಡೆ ಗಮನವೇ ಇಲ್ಲ, ಕಾಟಾಚಾರಕ್ಕೆ ಕೂರಿಸಿಕೊಂಡಿದ್ದಾರೆ ಎಂದು ತೀರ್ಮಾನಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ, ಬೇರೆ ಯಾರೂ ತಟ್ಟುವವರಿರಲಿಲ್ಲವಲ್ಲ.

ಆ ವಾರ ರಾಗಿ ಬೀಸಿಸಲು ಹಿಟ್ಟಿನ ಗಿರಣಿಗೆ ಹೋದಾಗ ಗುಮಾಸ್ತರ ಹೆಂಡತಿ ಸಿಕ್ಕರು. ಪಾಠ ಹೇಗೆ ನಡೆಯುತ್ತಿದೆ ಎಂದು ಕೇಳಿದ್ದೇ ತಡ, ಆರು ತಿಂಗಳ ಸಿಟ್ಟು ಹೊರಗೆ ಬಂತು. ಮಿಷನ್ನಿನ ಸದ್ದು ಕಿವಿ ಒಡೆಯುತ್ತಿತ್ತು, ಕೂಗಿಯೇ ಹೇಳಬೇಕಾಯಿತು.

"ಬೆನ್ನು ತಿರುಗಿಸ್ಕೊಂಡು ಕೂತಿರ್ತಾರೆ. ಬೇಕೂಂತ ಅಪಸ್ವರ ಹಾಡಿದ್ರೂ ಒಂದ್ಸಲ ತಿರುಗಿ ನೋಡಲ್ಲ ಕಣ್ರೀ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಗುಮಾಸ್ತರ ಹೆಂಡತಿ ಮಾತ್ರ ಏನೋ ಯೋಚಿಸುತ್ತ ನಿಂತರು.

ಮರುದಿನ ಬೆಳಿಗ್ಗೆ ಅವರೇ ಮಗಳ ಜೊತೆ ಬಂದರು. ಸಂಗೀತದಮ್ಮ ಗೋಡೆಗೆ ಮುಖ ಮಾಡಿ, ತಂಬೂರಿಯ ಬುರುಡೆಗೆ ಗಲ್ಲ ಒತ್ತಿಕೊಂಡು ಶ್ರುತಿ ಸೇರಿಸುತ್ತಿದ್ದರು. ಅದೂ ಅವರ ಒಂದು ಅಭ್ಯಾಸ, ನಾನು ಅದನ್ನು ಜಂಬ ಅಂದುಕೊಂಡಿದ್ದೆ. ಗುಮಾಸ್ತರ ಹೆಂಡತಿ ಹೊಸ್ತಿಲಲ್ಲೇ ನಿಂತು ಅವರನ್ನು ಕರೆದರು. ಎರಡನೇ ಸಲ ಇನ್ನೂ ಗಟ್ಟಿಯಾಗಿ ಕರೆದರು. ಮೂರನೇ ಸಲ ಚಪ್ಪಾಳೆ ತಟ್ಟಿದರು. ಸಂಗೀತದಮ್ಮ ತಂತಿ ಮೀಟುತ್ತಲೇ ಇದ್ದರು. ಆಗ ನನಗೆ ತಿಳಿಯಿತು. ಗುಮಾಸ್ತರ ಹೆಂಡತಿ ಮಗಳ ಕೈ ಹಿಡಿದುಕೊಂಡು ಹೊರಟುಹೋದರು.

ಕಿವುಡಿಯ ಹತ್ತಿರ ಸಂಗೀತ ಕಲಿಯುವುದೇ ಎಂದು ಊರು ನಕ್ಕಿತು. ಸಂಜೆ ಪಾಠಕ್ಕೆ ಬರುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಹತ್ತು ದಿನದಲ್ಲಿ ಆ ಮನೆಗೆ ಪಾಠಕ್ಕೆ ಹೋಗುವವಳು ನಾನೊಬ್ಬಳೇ ಉಳಿದೆ. ಹೋಗದೆ ಇರಲು ಧೈರ್ಯ ಬರಲಿಲ್ಲ, ಹೋದರೆ ಮುಖ ಎತ್ತಲು ಆಗುತ್ತಿರಲಿಲ್ಲ.

ಕೊನೆಯ ದಿನ ಸಂಗೀತದಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಪಾವಗಡದಲ್ಲಿ ತಮ್ಮನ ಮನೆ ಇದೆ, ಅಲ್ಲಿಗೆ ಹೋಗುತ್ತೇನೆ ಎಂದರು. ನನ್ನನ್ನು ಎಂದಿನ ಜಾಗದಲ್ಲಿ ಕೂರಿಸಿ, ತಾವೂ ಎಂದಿನಂತೆ ಮುಚ್ಚಳದ ಮೇಲೆ ಅಂಗೈ ಊರಿ ಕೂತರು. ಮೂರು ವರ್ಷದಿಂದ ಕಿವಿ ಹೋಗುತ್ತಿತ್ತಂತೆ. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರಂತೆ. ಹಾಡಿಗೆ ಕೈಯೇ ಕಿವಿಯಾಗಿತ್ತಂತೆ.

"ಆ ಹುಡುಗೀದು ಮೇಲ್ಮೇಲಿನ ದನಿ ಕಣೇ. ಬೆನ್ನು ಮುಟ್ಟಿದ್ರೂ ಅರ್ಧಂಬರ್ಧ ತಿಳಿಯೋದು, ಸುಮ್ನೆ ಹಾಡಿಸ್ಕೊಂಡು ಹೋಗ್ತಿದ್ದೆ. ನಿನ್ನದು ಹಾಗಲ್ಲ. ಈ ಪೆಟ್ಟಿಗೆ ತುಂಬಾ ಬರೋದು. ಅದಕ್ಕೇ ನಿನ್ನ ಬಿಡಲಿಲ್ಲ ನಾನು."

ಲೋಟದ ವಿಷಯ ಅವರು ಎತ್ತಲಿಲ್ಲ. ಆ ಒಂದು ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ, ಹೋಗುವುದೂ ಬೇಡ. ಆದರೆ ಅವತ್ತು ಅದು ನನ್ನ ನೆರವಿಗೆ ಬರಲಿಲ್ಲ. ನಾನು ಮುಖ ಮುಂದಕ್ಕೆ ಮಾಡಿಕೊಂಡು ಗೋಡೆ ನೋಡುತ್ತಾ ಕೂತಿದ್ದೆ. ನನ್ನ ತುಟಿ ಅವರಿಗೆ ಕಾಣುತ್ತಿರಲಿಲ್ಲ.

ಅವರು ದನಿ ತಗ್ಗಿಸಿ ಕೇಳಿದರು.

"ಯಾರೋ ನೋಡ್ಕೊಂಡು ಹೋಗಿ ಹೇಳಿದ್ದಾರೆ. ಆ ಹುಡುಗೀನೇ ಇರಬೇಕು ಅಂತ ನನಗೆ ಅನುಮಾನ. ಅವಳೇ ಅಲ್ವೇನೇ?"

ಹೇಳಿಬಿಡಬೇಕು ಎಂದು ಬಾಯಿ ತೆರೆಯಲು ಹೋದೆ, ಆಗಲಿಲ್ಲ. ಆರು ತಿಂಗಳು ಮುಚ್ಚಿ ಮುಚ್ಚಿ ಅಭ್ಯಾಸವಾದ ಬಾಯಿ. ಮುಚ್ಚಿದ ತುಟಿಯಲ್ಲೇ "ಹ್ಞೂಂ" ಅಂದೆ.

ಬೆನ್ನ ಹಿಂದೆ ಪೆಟ್ಟಿಗೆ ಅದುರಿದ್ದು ನನಗೂ ಗೊತ್ತಾಯಿತು. ಸಂಗೀತದಮ್ಮ ಮುಚ್ಚಳದಿಂದ ಕೈ ತೆಗೆಯದೆ ತಲೆದೂಗಿದರು.

"ನೋಡು," ಎಂದರು, "ಈಗ ಎದೆಯಿಂದ ಬಂತು."