ಲಗೋರಿಯನ್ನು ಬಿಟ್ಟುಕೊಟ್ಟದ್ದು

ಮೊನ್ನೆ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರನ್ನು ಕೆಳಗಿಳಿಸಿ ಬಿಚ್ಚಿದೆ. ಒಳಗಿನ ಫ್ಯಾನಿಗೆ ಮೆತ್ತಿದ್ದ ಧೂಳು ಮೂಗಿಗೆ ಅಡರಿದ್ದೇ ತಡ, ಸೀನು ಶುರುವಾಯಿತು. ನೀವು ನಿಪ್ಪಾಣಿಯಲ್ಲಿ ಒಂದಷ್ಟು ವರ್ಷ ಇದ್ದವರಾದರೆ ಹೇಳಬೇಕಾಗಿಯೇ ಇಲ್ಲ, ಅದು ತಂಬಾಕಿನ ಧೂಳು. ನಮ್ಮ ಓಣಿಯ ತುಂಬ ತಂಬಾಕಿನ ವಖಾರಿಗಳು. ಅರಿವೆ, ಹಾಸಿಗೆ, ಕಂಪ್ಯೂಟರು ಎಲ್ಲಕ್ಕೂ ಅದೇ ಘಾಟು.

‘ಲಗೋರಿ’ ಹುಟ್ಟಿದ್ದು ಆ ಡಬ್ಬಿಯಲ್ಲೇ. ಲಗೋರಿ ಎಂಬುದು ಗೇಮ್ ಎಂಜಿನ್. ಅಂದರೆ ಆಟವಲ್ಲ, ಆಟ ಕಟ್ಟುವವರಿಗೆ ಬೇಕಾದ ಸಾಮಾನು: ಚಿತ್ರ ಓಡಿಸುವುದು, ಸದ್ದು ಹೊರಡಿಸುವುದು, ಪರದೆಯ ಮೇಲೆ ಅಕ್ಷರ ಮೂಡಿಸುವುದು. ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು ಅವು. ಆಟದೊಳಗೆ ಕನ್ನಡ ಬರೆದರೆ ಒತ್ತಕ್ಷರ ಮುರಿದು ಬೀಳುತ್ತಿತ್ತು. ‘ಅಜ್ಜಿ’ ಎಂದು ಬರೆದರೆ ಎರಡು ಜಕಾರಗಳು ಪಾಲಾದ ಅಣ್ಣತಮ್ಮಂದಿರಂತೆ ಮುಖ ತಿರುಗಿಸಿ ನಿಲ್ಲುತ್ತಿದ್ದವು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ ನನಗೆ ಇದು ಅವಮಾನವೆನ್ನಿಸಿತು. ನನ್ನ ಸಹೋದ್ಯೋಗಿ, ಚಿಕ್ಕೋಡಿಯ ಶಿವಾನಂದ ಸದ್ದಿನ ಭಾಗ ಬರೆದ. ನಾನು ಅಕ್ಷರದ ಭಾಗ ಬರೆದೆ. ಬರೆದದ್ದನ್ನೆಲ್ಲ ಅಂತರ್ಜಾಲದಲ್ಲಿ ತೆರೆದಿಟ್ಟೆವು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಒಯ್ಯಬಹುದು. ತಿದ್ದಿದ್ದನ್ನು ಮೂಲಕ್ಕೆ ಸೇರಿಸುವ ಅನುಮತಿ ಮಾತ್ರ ನನ್ನ ಕೈಯಲ್ಲಿತ್ತು. ಒತ್ತಕ್ಷರ ಸರಿಹೋದ ದಿನ ಓಣಿಗೆಲ್ಲ ಪೇಢಾ ಹಂಚಿದೆ. ಕಾರಣ ಹೇಳಿದರೂ ಅತ್ತೆಗೆ ತಿಳಿಯಲಿಲ್ಲ. ನಾನು ಬಸುರಿ ಎಂದುಕೊಂಡು ಎಷ್ಟೋ ದಿನ ಕೊಡ ಎತ್ತಲು ಬಿಡಲಿಲ್ಲ.

ಆಮೇಲೆ ಜನ ಸೇರಿದರು. ಅಕ್ಕೋಳದ ಮಿಲಿಂದ ಬ್ಯಾಂಕಿನ ನೌಕರ, ಮನೆಮಾತು ಮರಾಠಿ. ಲಗೋರಿಗೆ ಮರಾಠಿ ಅಕ್ಷರ ಕಲಿಸಿದವನು ಅವನು. ಸತ್ತಿ ಎಂಬ ಊರಿನ ಪದ್ಮಶ್ರೀ ಹೊಳೆದಂಡೆಯ ಜೈನ ರೈತರ ಮನೆಯವಳು, ಅಥಣಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ನನ್ನ ತಪ್ಪು ಹುಡುಕುವುದರಲ್ಲಿ ಅವಳಿಗೆ ವಿಶೇಷ ಉತ್ಸಾಹ.

ಹತ್ತು ವರ್ಷವಾಗುವಷ್ಟರಲ್ಲಿ ನನ್ನ ಮಣಿಕಟ್ಟು ಸೋತಿತು. ರೊಟ್ಟಿ ಬಡಿಯುವುದಿರಲಿ, ಹಿಟ್ಟು ನಾದಲೂ ಆಗದಂಥ ನೋವು. ಲಗೋರಿಯನ್ನು ಇನ್ನು ಮಿಲಿಂದ, ಪದ್ಮಶ್ರೀ ಇಬ್ಬರೂ ನೋಡಿಕೊಳ್ಳಲಿ ಎಂದು ಗುಂಪಿಗೆಲ್ಲ ಬರೆದೆ. ಮರುದಿನವೇ ಶಿವಾನಂದ ಬಸ್ಸು ಹತ್ತಿ ಬಂದ.

“ಅಕ್ಕಾರ, ಪದ್ಮಶ್ರೀಗಿ ಕೊಡ್ರಿ, ನಂದೇನ ತಕರಾರಿಲ್ಲ. ಮಿಲಿಂದಗ ಬ್ಯಾಡ. ಆ ಮರಾಠಿ ಭಾಗ ಕಿತ್ತ ಅವಗ ಬ್ಯಾರೆ ಕೊಟ್ಟ ಕಳಸ್ರಿ.”

“ಯಾಕ?”

“ಗಡಿಮ್ಯಾಲ ಕುಂತೇವ್ರಿ ನಾವು. ಇವತ್ತ ಜಾಗಾ ಕೊಟ್ರ ನಾಳೆ ಹೆಸರೂ ಅವರದಽ ಆಕ್ಕೈತಿ. ಕನ್ನಡದ ಕೆಲಸಾ ಅಂತ ನಾ ಎದಿ ಉಬ್ಬಿಸಿ ಹೇಳಕೋಂತ ಬಂದೇನಿ.”

ಅವನ ಅಂಜಿಕೆ ಸುಳ್ಳೆನ್ನಲಾರೆ. ಬೋರ್ಡುಗಳಿಗೆ ಮಸಿ ಬಳಿಯುವುದನ್ನು ನಾವಿಬ್ಬರೂ ಕಂಡವರೇ. ಬಳಿಯುವ ಕೈಗಳು ಎರಡೂ ಕಡೆ ಇದ್ದವು. ಆದರೆ ನನಗೆ ರೇಗಿತು.

“ನಮ್ಮತ್ತಿ ಬೈಯೂದ ಮರಾಠ್ಯಾಗ, ಉಣ್ಣಾಕ ಕರಿಯೂದ ಕನ್ನಡದಾಗ. ಅವರನ್ನ ಎಲ್ಲಿ ಕೊಯ್ದ ಬ್ಯಾರೆ ಮಾಡ್ಲಿ, ನೀನಽ ಹೇಳ. ಏನೂ ಕಿತ್ತಂಗಿಲ್ಲ. ಇಬ್ಬರಿಗೂ ಕೂಡೇ ಕೊಡಾಕಿ ನಾ.”

“ಹಂಗಾದ್ರ ನಾ ಇರೂದಿಲ್ಲ. ಒಂದ ಪ್ರತಿ ತಗೊಂಡ ಬ್ಯಾರೆ ಮಾಡತೇನಿ.”

“ಮಾಡ. ಯಾರ ಬೇಕಾದ್ರೂ ಒಯ್ಯಬಹುದು ಅಂತ ಇಬ್ಬರೂ ಕೂಡೇ ಬರದೇವಿ. ನಿನಗ ಬ್ಯಾಡ ಅಂತೇನೇನು?”

ಅರ್ಧ ಚಹಾ ಬಿಟ್ಟು ಎದ್ದುಹೋದ. ಹೇಳಿದಂತೆ ಪ್ರತಿ ಒಯ್ದು ಬೇರೆಯೇ ಒಂದು ಎಂಜಿನ್ ಮಾಡಿದ. ಗುಂಪಿನ ಬಹಳ ಜನ ಅವನ ಹಿಂದೆ ಹೋದರು. ಕೆಲವರು ನನಗೆ ಬರೆದ ಮಾತುಗಳು ಇಲ್ಲಿ ಹೇಳುವಂಥವಲ್ಲ. ನಾನೂ ಒಬ್ಬರನ್ನೂ ಬಿಡದೆ ಉತ್ತರ ಬರೆದೆ. ಮಣಿಕಟ್ಟಿನ ನೋವು ಆಗ ಎಲ್ಲಿ ಅಡಗಿತ್ತೋ!

ಒಂದು ಭಾನುವಾರ ಮಧ್ಯಾಹ್ನ ಇಬ್ಬರನ್ನೂ ಮನೆಗೆ ಕರೆದು ಪಾಸ್‌ವರ್ಡುಗಳನ್ನೆಲ್ಲ ಒಪ್ಪಿಸಿದೆ. ಪದ್ಮಶ್ರೀ ಪರದೆಯಿಂದ ಕಣ್ಣೆತ್ತದೆ ಹೇಳಿದಳು:

“ಅಕ್ಕಾರ, ನಿಮಗಿದ್ದ ಅನುಮತಿನೂ ತಗದಬಿಡತೇವ್ರಿ.”

“ನಂದ್ಯಾಕವಾ?”

“ಅದ ಇತ್ತಂದ್ರ ನೀವು ಸುಮ್ನ ಕುಂದ್ರೂದಿಲ್ರಿ.”

ಮಿಲಿಂದ ತಟ್ಟೆಯೊಳಗಿನ ಅವಲಕ್ಕಿ ನೋಡುತ್ತ ನಕ್ಕ. ದಾನಿಯ ಠೀವಿಯಲ್ಲಿ ಕುಳಿತಿದ್ದ ನಾನು ಚಹಾಕ್ಕೆ ನೀರಿಡಲು ಎದ್ದೆ.

ತಿಂಗಳೊಳಗೆ ಇನ್ನೊಂದು ಸುದ್ದಿ. ನನ್ನ ಒತ್ತಕ್ಷರದ ಭಾಗವನ್ನೇ ತೆಗೆದುಹಾಕುತ್ತಾರಂತೆ! ಎಲ್ಲ ಲಿಪಿಗಳನ್ನೂ ಸರಿಯಾಗಿ ಜೋಡಿಸುವ ಹೊಸ ಸಲಕರಣೆ ಬಂದಿದೆ, ಅದನ್ನೇ ಬಳಸುತ್ತಾರಂತೆ. ಪದ್ಮಶ್ರೀಗೆ ಫೋನು ಮಾಡಿ ಕೂಗಾಡಿದೆ.

“ಅದರ ಸಲವಾಗೇ ಲಗೋರಿ ಹುಟ್ಟೇತಿ! ಅದಽ ಹ್ವಾದ್ರ ಏನ ಉಳೀತು?”

“ಮೂರಕ್ಷರ ಕೂಡಿದ್ರ ನಿಮ್ಮದು ಈಗೂ ತಪ್ಪತೈತ್ರಿ” ಎಂದಳು. ದನಿ ಏರಿಸಲಿಲ್ಲ. “ನೀವು ಹೇಳಿದ್ದ ಕೇಳಾಕಂತ ಕೊಟ್ಟೀರೋ, ನೋಡಕೊಳ್ಳಾಕಂತ ಕೊಟ್ಟೀರೋ?”

ಸಂಜೆ ಮಿಲಿಂದ ಫೋನು ಮಾಡಿದ. “ಕಾಳಜಿ ಮಾಡಬ್ಯಾಡ್ರಿ ಅಕ್ಕಾರ. ಪರದೆ ಮ್ಯಾಲ ನಿಮ್ಮ ‘ಅಜ್ಜಿ’ ನೆಟ್ಟಗ ಕಾಣತಾಳ.” ಅವನೂ ಅವಳ ಕಡೆಯೇ!

ಅವರ ಕೆಲಸ ತೆರೆದು ಕುಳಿತು ತಪ್ಪು ಹುಡುಕಿದೆ. ಸಿಗಲಿಲ್ಲ. ಸಿಗದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. ಆ ಸಿಟ್ಟು ಇಳಿಯಲು ಬಹಳ ದಿನ ಬೇಕಾಯಿತು. ಇಳಿದ ಮೇಲೆ ಒಂದು ಸಮಾಧಾನ ಉಳಿಯಿತು: ನನಗೇ ಹೆದರದವರು ಇನ್ನಾರಿಗೆ ಹೆದರಿಯಾರು?

ಮೊನ್ನೆ ಧೂಳು ಕೊಡವುತ್ತ ಇದನ್ನೆಲ್ಲ ನೆನೆಯುತ್ತಿದ್ದಾಗ ಫೋನು ಬಂತು. ರಾಯಬಾಗದಿಂದ ಯಾರೋ ಅಪರಿಚಿತರು, ಗಡಸು ದನಿ.

“ಲಗೋರಿ ಮಾಲಕರು ನೀವಽ ಏನ್ರಿ? ಮೊದಲ ಪುಟದಾಗ ಕನ್ನಡದ ಬಾಜೂಕ ಮರಾಠಿ ಹಾಕ್ಯಾರ. ತಗಸ್ರಿ. ಇಲ್ಲಂದ್ರ ನಾವು ಸುಮ್ನ ಬಿಡೂದಿಲ್ಲ.”

“ಮಾಲಕಿ ಅಲ್ರಿ ನಾ. ನೋಡಕೊಳ್ಳಾವ್ರು ಬ್ಯಾರೆ ಅದಾರ.”

“ನೀವು ಹಿರಿಯಾರು. ನೀವು ಹೇಳಿದ್ರ ಕೇಳತಾರ.”

ನನಗೆ ನಗು ತಡೆಯಲಾಗಲಿಲ್ಲ.

“ನನ್ನ ಮಾತ ಅವರು ಮೊದಲನೇ ತಿಂಗಳದಾಗಽ ಕಿತ್ತ ಒಗದಾರ್ರಿ. ಇನ್ನ ನಿಮ್ಮದ ಕೇಳತಾರೇನು? ಬೇಕಾದ್ರ ಬರೀರಿ, ಎಲ್ಲಾರೂ ಓದೂ ಪುಟದಾಗ, ನಿಮ್ಮ ಹೆಸರ ಹಾಕಿ ಬರೀರಿ. ಅವರೂ ಅಲ್ಲೇ ಉತ್ತರಾ ಕೊಡತಾರ. ವಿಳಾಸ ಹೇಳತೇನಿ, ಪೆನ್ನ ತಗೋರಿ.”

ನಾನು ಹೇಳತೊಡಗಿದೆ, ಒಂದೊಂದೇ ಅಕ್ಷರ, ಬರೆದುಕೊಳ್ಳಲು ಅನುಕೂಲವಾಗಲೆಂದು ಬಹಳ ನಿಧಾನವಾಗಿ.