ಫೆಬ್ರವರಿ ಹತ್ತಾದರೆ ನಿಲ್ಲು

ಬಲ್ಗೇರಿಯಾದ ಡ್ಯಾನ್ಯೂಬ್ ನದಿಯ ದಂಡೆಯ ನಮ್ಮ ರೂಸೆ ಊರಿನ ರೇಡಿಯೋ ಕೇಂದ್ರದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ನೋಡಿಕೊಳ್ಳುತ್ತಿದ್ದವರು ಹರಲಂಪಿ. ನೆಲಮಾಳಿಗೆಯಲ್ಲೊಂದು ಕೊಠಡಿ, ಒಂದು ಕಂಪ್ಯೂಟರು, ಹನ್ನೊಂದು ಸಾವಿರ ಫೈಲು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಅವರ ಮಾತುಕತೆಯೆಲ್ಲ ನಮ್ಮ ಜೊತೆಗೇ. ವಾರ್ತೆ ಓದುವ ನಾನೂ ಸೇರಿ ಆರೇಳು ಜನ ದಿನಾ ಬೆಳಿಗ್ಗೆ ಮೆಟ್ಟಿಲಿಳಿದು ಹೋಗಿ ಬೇಕಾದ ಧ್ವನಿಮುದ್ರಣ ತೆಗೆದುಕೊಡಲು ಕೇಳುತ್ತಿದ್ದೆವು. ಅದು ಸಿದ್ಧವಾಗುವವರೆಗೆ ಅವರ ಕಾಫಿ ಕುಡಿಯುತ್ತಿದ್ದೆವು.

"ಇದೇನಣ್ಣ, ಕಾಫಿನೋ ಡ್ಯಾನ್ಯೂಬ್ ನೀರೋ?"

"ನಿನ್ನ ವಾರ್ತೆಗಿಂತ ಗಟ್ಟಿಯಾಗೇ ಇದೆ, ಸುಮ್ನೆ ಕುಡಿಯೇ ರುಮ್ಯಾನಾ."

ಒಂದೊಂದೇ ಫೈಲು ತೆರೆದು ಸರಿಮಾಡಲು ಹೊತ್ತು ಹಿಡಿಯುತ್ತಿತ್ತು. ಬೇಗ, ಬೇಗ ಎಂದು ಪ್ರಾಣ ತಿಂದವರು ನಾವೇ. ಕೊನೆಗೆ ಅವರು ತಿಂಗಳುಗಟ್ಟಲೆ ಕೂತು ಕಂಪ್ಯೂಟರಿಗೆ ಸಾಲುಸಾಲಾಗಿ ಆದೇಶ ಕೊಡುವ ಒಂದು ಶೆಲ್ ಸ್ಕ್ರಿಪ್ಟ್ ಬರೆದರು. ಮೇಲಿಂದ ನಾವು ಪಟ್ಟಿ ಹಾಕಿದರೆ ಸಾಕು, ಅದು ಫೈಲುಗಳನ್ನು ತಾನೇ ಹುಡುಕಿ, ಶುರುವಿನ ಮೌನ ಕತ್ತರಿಸಿ, ದನಿಯನ್ನು ಒಂದೇ ಮಟ್ಟಕ್ಕೆ ತಂದು, ಎಲ್ಲವನ್ನೂ ಒಟ್ಟಿಗೆ ನಮ್ಮ ಕಂಪ್ಯೂಟರುಗಳಿಗೆ ಕಳುಹಿಸುತ್ತಿತ್ತು. ನಾವು ಚಪ್ಪಾಳೆ ತಟ್ಟಿದೆವು. ಮಾರನೆಯ ದಿನದಿಂದ ಯಾರೂ ಕೆಳಗಿಳಿಯಲಿಲ್ಲ. ಪುಣ್ಯಾತ್ಮ, ತಮ್ಮ ಕೈಯಾರೆ ತಮ್ಮ ಬಾಗಿಲು ಮುಚ್ಚಿಕೊಂಡರು. ಚಿಲಕ ಹಾಕಿದವರು ನಾವು.

ಫೆಬ್ರವರಿ ಹತ್ತು ಸಂತ ಹರಲಂಪಿಯ ದಿನ. ನಮ್ಮಲ್ಲಿ ಆ ಹೆಸರಿನವರಿಗೆಲ್ಲ ಅಂದು ಹಬ್ಬ, ಆದರೆ ಅವರು ಯಾರನ್ನೂ ಕರೆಯುವಂತಿಲ್ಲ. ನೆನಪಿಟ್ಟವರು ತಾವಾಗಿಯೇ ಹೋಗಿ ಶುಭಾಶಯ ಹೇಳಬೇಕು. ಹೋದ ವರ್ಷ ಜೇನು ಸವರಿದ ರೊಟ್ಟಿ ತಂದಿಟ್ಟುಕೊಂಡು ಅವರು ಸಂಜೆಯವರೆಗೂ ಕಾದರಂತೆ. ನಮ್ಮ ಕಾವಲುಗಾರ ಹೇಳಿದ. ಛೇ ಅಂದೆ, ಆಮೇಲೆ ಮರೆತೆ.

ಈ ವರ್ಷ ಅದೇ ದಿನ ಬೆಳಿಗ್ಗೆ ಒಂದು ಫೈಲೂ ಬರಲಿಲ್ಲ. ಪರದೆಯ ಮೇಲೆ ಇದ್ದದ್ದು ಇಷ್ಟೇ: "ಬೇಕಾದವರು ಕೆಳಗೆ ಬನ್ನಿ." ಹತ್ತಕ್ಕೆ ವಾರ್ತೆ. ನನ್ನ ಪಿತ್ತ ನೆತ್ತಿಗೇರಿತು.

"ಕೈಕೊಡ್ತು ನೋಡು ಅಣ್ಣನ ಯಂತ್ರ!" ಎಂದು ಎದ್ದೆ.

"ನೀವ್ಯಾಕಕ್ಕ ಇಳೀತೀರಾ, ಕೂತ್ಕೊಳ್ಳಿ. ಇಲ್ಲಿಂದ್ಲೇ ನೋಡ್ತೀನಿ," ಎಂದಳು ಹೊಸದಾಗಿ ಸೇರಿದ್ದ ಎಂಜಿನಿಯರ್ ನೆವೆನಾ. ಸ್ಕ್ರಿಪ್ಟ್ ತೆರೆದು ನಕ್ಕಳು. "ತಾರೀಖು ಫೆಬ್ರವರಿ ಹತ್ತಾದ್ರೆ ನಿಲ್ಲು ಅಂತ ಬರ್ದಿದಾರೆ! ಪರೀಕ್ಷೆ ಮಾಡೋಕೆ ಹಾಕಿ ಮರ್ತಿರ್ಬೇಕು ಪಾಪ."

ಆ ಸಾಲನ್ನು ಅಳಿಸಿದಳು. ಎರಡೇ ನಿಮಿಷದಲ್ಲಿ ಮೂವತ್ತೆರಡು ಫೈಲುಗಳು ಬಂದವು.

"ಬದುಕಿಸ್ದೆ ಕಣೆ," ಎಂದೆ.

ವಾರ್ತೆಯ ಆರಂಭದಲ್ಲಿ ದಿನಾಂಕ ಓದುವಾಗ ನನ್ನ ನಾಲಿಗೆ ತಡವರಿಸಿತು. ನೆವೆನಾ ಅಳಿಸಿದ ಸಾಲು ಮರೆವಿನಿಂದ ಉಳಿದದ್ದಲ್ಲ. ಬಾಯಿಬಿಟ್ಟು ಕರೆಯುವಂತಿಲ್ಲದ ಮನುಷ್ಯ ಸ್ಕ್ರಿಪ್ಟಿನ ಕೈಲಿ ಕರೆಸಿದ್ದರು. ಉಳಿದ ವಾರ್ತೆಯನ್ನು ಹೇಗೆ ಓದಿ ಮುಗಿಸಿದೆನೋ ಗೊತ್ತಿಲ್ಲ.

ಮುಗಿದದ್ದೇ ತಡ ಕೆಳಗೆ ಓಡಿದೆ. ಹರಲಂಪಿ ಹೊಸ ಅಂಗಿ ತೊಟ್ಟಿದ್ದರು. ಮೇಜಿನ ಮೇಲೆ ರೊಟ್ಟಿ ಇನ್ನೂ ಇಡಿಯಾಗಿಯೇ ಇತ್ತು. ಮೂವತ್ತೆರಡು ಫೈಲುಗಳೂ ಮೇಲೆ ಹೋದವೆಂದು ಅವರ ಪರದೆ ತೋರಿಸುತ್ತಿತ್ತು. ತೆಗೆದಿಟ್ಟಿದ್ದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಕಪಾಟಿಗೆ ಸೇರಿಸುತ್ತಿದ್ದರು. ಶುಭಾಶಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಗಾಬರಿಯಾಗಿ ತಟ್ಟೆ ಬಿಟ್ಟು, ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು.

"ಯಾವ ಫೈಲು ಬಂದಿಲ್ಲಮ್ಮ, ಹೇಳು."