ಬೂಷ್ಟಿನ ಎರಡು ಬಗೆ ಬೆರೆಯದಂತೆ ಕಾಯುವ ಮಹಾನಂದಾ

ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸಣ್ಣ ಪ್ರಯೋಗಾಲಯವೊಂದರ ಬಾಗಿಲಲ್ಲಿ ಮಹಾನಂದಾ ಚಪ್ಪಲಿ ಬಿಡುತ್ತಾರೆ. ಕಾವಲುಗಾರ ಯಮನೂರ ಅವರದೇ ಸೀಮೆಯವನು.

"ಏನಕ್ಕಾ, ಬೂಷ್ಟಿಗೆ ನಾಷ್ಟಾ ಮಾಡಾಕ ಬಂದಿ? ನಮಗೊಂದು ಕಪ್ ಚಾ ಇಲ್ಲ."

"ನೀನೂ ಗಾಜಿನ ನಳಗಿ ಒಳಗ ಕುಂಡ್ರು. ನಿನಗೂ ಹಾಕ್ತೀನಿ."

ನಾಷ್ಟಾ ಎಂದದ್ದು ಸುಳ್ಳಲ್ಲ. ಅಗರ್ ಎಂಬ ಕಡಲಪಾಚಿಯ ಅಂಟಿಗೆ ಸಕ್ಕರೆ ಬೆರೆಸಿ ಕುದಿಸಿ, ನಳಿಕೆಗಳಿಗೆ ಸುರಿದು, ಓರೆಯಾಗಿ ಮಲಗಿಸಿ ಹೆಪ್ಪುಗಟ್ಟಿಸುವುದು ಅವರ ಕೆಲಸ. ಅದರ ಮೇಲೆ ಕಿತ್ತಳೆ ಬಣ್ಣದ ಬೂಷ್ಟು ಬೆಳೆಯುತ್ತದೆ.

ಈ ಬೂಷ್ಟಿನಲ್ಲಿ ಗಂಡು ಹೆಣ್ಣೆಂಬುದಿಲ್ಲ. ಒಂದರೊಡನೊಂದು ಕೂಡಬಲ್ಲ ಎರಡು ಬಗೆಗಳಿವೆ. ಯಾವ ಬಗೆ ಎಂಬುದನ್ನು ಒಂದು ವರ್ಣತಂತು ನಿರ್ಧರಿಸುತ್ತದೆ. ಕೂಡುವಾಗ ಜೋಡಿ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವುದು ಸೃಷ್ಟಿಯ ಪದ್ಧತಿ. ದೋಷ ಕಳಚಿಹೋಗಲು ಅದೊಂದು ದಾರಿ. ಈ ವರ್ಣತಂತುವಿನ ಬಹುಭಾಗದಲ್ಲಿ ಆ ಕೊಡುಕೊಳ್ಳುವಿಕೆ ಎಂದೋ ನಿಂತುಹೋಗಿದೆ. ನಿಂತಲ್ಲಿ ದೋಷಗಳು ಹೇಗೆ ಸೇರುತ್ತ ಹೋಗುತ್ತವೆಂದು ತಿಳಿಯಲು ವಿಜ್ಞಾನಿ ರಕ್ಷಿತಾ ಎರಡೂ ಬಗೆಯನ್ನು ವರ್ಷಗಟ್ಟಲೆ ಬೇರೆಯಾಗಿ ಬೆಳೆಸುತ್ತ ಬಂದಿದ್ದಾರೆ.

"ನಮ್ಮ ಕಡೆ ಎರಡು ಮನಿ ನಡುವ ಹೆಣ್ಣು ಕೊಡೂದು ತರೂದು ನಿಂತ್ರ ಹಿಂಗ ಆಗತೈತ್ರಿ" ಎನ್ನುತ್ತಾರೆ ಮಹಾನಂದಾ. "ಮದಲು ಮಾತು ನಿಲ್ತದ. ಆಮ್ಯಾಲ ಒಂದೊಂದ ಹಾಳ ಬೀಳ್ತದ."

ಬಾಗಲಕೋಟೆ ಕಡೆಯಿಂದ ಅವರನ್ನು ಇಲ್ಲಿಗೆ ಕರೆತಂದ ಗಂಡ ಬಸಲಿಂಗ ಗಾರೆ ಕೆಲಸದವರು. ಜ್ವರದಲ್ಲಿ ತೀರಿಕೊಂಡರು. ಬಾಡಿಗೆ ಕೋಣೆಯಲ್ಲಿ ಈಗ ಒಂದೇ ತಟ್ಟೆ ತೊಳೆಯುವುದಿರುತ್ತದೆ. ಇದ್ದವರು ಹೋದ ಮೇಲೆ ಕೈಗೆ ಕೆಲಸ ಉಳಿಸುವುದೂ ಶಿವನ ಕೃಪೆಯೇ ಇರಬೇಕು.

ಕಳೆದ ಆಯುಧಪೂಜೆಯ ದಿನ ಆ ಕೆಲಸವೂ ಕೈತಪ್ಪುವುದರಲ್ಲಿತ್ತು. ಯಂತ್ರಗಳಿಗೆಲ್ಲ ಪೂಜೆಯಾಯಿತು. ಅನ್ನ ಕೊಡುವ ನಳಿಕೆಗಳನ್ನು ಬಿಡುವುದು ಹೇಗೆಂದು ಅವರು ಎರಡೂ ಬಗೆಯ ಸ್ಟ್ಯಾಂಡುಗಳನ್ನು ಒಟ್ಟಿಗೆ ದೇವರ ಪಟದ ಮುಂದಿಟ್ಟರು. ಪ್ರತಿ ನಳಿಕೆಯ ಹತ್ತಿಯ ಬಿರಡೆಗೂ ನೀರಲ್ಲಿ ಕಲಸಿದ ಕುಂಕುಮ ಹಚ್ಚಿದರು. ಒದ್ದೆ ಹತ್ತಿಯೊಳಗಿಂದ ಬೂಷ್ಟು ಹೊರಗೆ ಬಂತು. ರಜೆ ಮುಗಿಸಿ ಬಾಗಿಲು ತೆರೆದಾಗ ಸ್ಟ್ಯಾಂಡುಗಳ ಮೇಲೆಲ್ಲ ಕಿತ್ತಳೆ ಪುಡಿ. ಎರಡೂ ಬಗೆ ಬೆರೆತುಹೋಗಿದ್ದವು.

ಎಲ್ಲವನ್ನೂ ಹಬೆಯಲ್ಲಿ ಬೇಯಿಸಿ ಕೊಲ್ಲಬೇಕಾಯಿತು. ಅದನ್ನೂ ಮಹಾನಂದಾ ಅವರೇ ಮಾಡಿದರು. "ಅಳಬ್ಯಾಡ್ರಿ ಅಂದ್ರು ಮೇಡಮ್ಮಾರು. ಅವರ ಕಣ್ಣಾಗೂ ನೀರಿತ್ತು."

ಶೀತಪೆಟ್ಟಿಗೆಯಲ್ಲಿ ಉಳಿದದ್ದು ಮೊಟ್ಟಮೊದಲ ವರ್ಷದ ಬೂಷ್ಟಿನ ಬೀಜಕ ಮಾತ್ರ. ಅದರಿಂದ ಮತ್ತೆ ಆರಂಭ. ಆದರೆ ಮಹಾನಂದಾ ಅವರ ಪಾಲಿಗೆ ಬಂದದ್ದು ಗಾಜು ತೊಳೆಯುವುದು, ಅಗರ್ ಕುದಿಸುವುದು ಅಷ್ಟೇ. ಬೂಷ್ಟು ಮುಟ್ಟಲು ಅವರು ತಿಂಗಳುಗಟ್ಟಲೆ ಅಪ್ಪಣೆ ಕೇಳಿದರು. ಇಂದು ಬೆಳಿಗ್ಗೆ ರಕ್ಷಿತಾ ಬೂಷ್ಟನ್ನು ಹೊಸ ನಳಿಕೆಗೆ ದಾಟಿಸುವ ಸೂಜಿಯೊಂದನ್ನು ತಂದು ಅವರ ಮುಂದಿಡುತ್ತಾರೆ.

"ಮಹಾನಂದಕ್ಕ, ಈ ಬಗೆ ನಿಮ್ದು. ಆ ಬಗೆ ಆಚೆ ರೂಮಲ್ಲಿ ನಾನೇ ನೋಡ್ಕೋತೀನಿ. ಆ ಕಡೆ ನೀವು ಬರಂಗಿಲ್ಲ, ಈ ಕಡೆ ನಾನು ಬರಲ್ಲ. ಕೋಟೂ ಬೇರೆ."

"ಚಾ?"

"ಅದೂ ಬೇರೆ ಕಣ್ರೀ. ಬಟ್ಟೆ ಮೇಲೆ ಪುಡಿ ಇರುತ್ತಲ್ಲ."

ಬಾಗಿಲು ಮುಚ್ಚುತ್ತದೆ. ಮಹಾನಂದಾ ಸೂಜಿಯನ್ನು ಉರಿಗೆ ಹಿಡಿದು ಕೆಂಪಾಗುವವರೆಗೆ ಕಾಯುತ್ತಾರೆ.

"ಮದಲು ಇಬ್ಬರೂ ಒಂದ ಟೇಬಲ್ಲಿಗೆ ಕೂತು ಮಾಡ್ತಿದ್ವಿ. ಹಂಗ ಇನ್ನೊಮ್ಮೆ ಕೂಡ್ರಬೇಕಂತ ಆಸೆ ಐತ್ರಿ" ಎನ್ನುತ್ತಾರೆ. ಸೂಜಿಯನ್ನು ಉರಿಯಿಂದ ತೆಗೆಯುತ್ತ, "ಬ್ಯಾಡ. ಇವು ಉಳೀಲಿ."